ನಾಯಿಯ ವೇಷ ಕಂಡು ನಗುವವರಿಗೆ

1959ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಆಸುಪಾಸಿನಲ್ಲಿ, ಅತ್ಯಲ್ಪ ಬಂಡವಾಳದಲ್ಲಿ ತಯಾರಾದ ‘ದ ಕಿಲ್ಲರ್ ಶ್ರೂಸ್’ ಎಂಬ ಕಪ್ಪು-ಬಿಳುಪು ಚಿತ್ರದ ಮಾತೆತ್ತಿದೊಡನೆ ನಮ್ಮ ಚಿತ್ರರಸಿಕ ಮಿತ್ರರು ನಗುತ್ತಾರೆ. ಅದರಲ್ಲಿ ಬರುವ ದೈತ್ಯ ಸುಂಡಿಲಿಗಳು ಅಸಲಿಗೆ ಬೇಟೆನಾಯಿಗಳು. ಮೈಮೇಲೆ ಕೂದಲಿನ ಹೊದಿಕೆ, ಹಿಂದೆ ಕಟ್ಟಿದ ಬಾಲ. ಹತ್ತಿರದ ದೃಶ್ಯಗಳಿಗೆ ಕೈಗೊಂಬೆ. 1992ರಲ್ಲಿ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ಅಮೆರಿಕನ್ ಟಿ.ವಿ. ಸರಣಿ ಈ ಚಿತ್ರವನ್ನು ಗೇಲಿಗೆ ಎತ್ತಿಕೊಂಡ ಮೇಲಂತೂ ಇದನ್ನು ನೋಡಲು ನಗೆಯೊಂದೇ ಮಾರ್ಗವೆಂದು ತೀರ್ಮಾನವಾದಂತಿದೆ. ಈ ತೀರ್ಮಾನವನ್ನು ನಾವು ಒಪ್ಪುವುದಿಲ್ಲ.

ಮುಂಬಯಿಯ ಸಭಾಂಗಣದಲ್ಲಿ ಯಕ್ಷಗಾನದ ಮಹಿಷಾಸುರ ಕೊಂಬು ಕಟ್ಟಿಕೊಂಡು ಅಬ್ಬರಿಸುತ್ತ ಬಂದರೆ ನಮ್ಮಲ್ಲಿ ಯಾರೂ ನಗುವುದಿಲ್ಲ. ರಂಗದ ಒಪ್ಪಂದ ಬೇರೆ, ಸಿನೆಮಾದ್ದು ಬೇರೆ ಎಂಬ ಉತ್ತರ ಬಂದೀತು. ಸರಿಯೇ; ಕ್ಯಾಮೆರಾದ ಮುಂದೆ ವೇಷ ಬೇಗ ಸಿಕ್ಕಿಬೀಳುತ್ತದೆ. ಆದರೆ ನಿರ್ದೇಶಕ ರೇ ಕೆಲ್ಲಾಗ್ ಭಯದ ಹೊರೆಯನ್ನೆಲ್ಲ ಆ ನಾಯಿಗಳ ಬೆನ್ನಿಗೇ ಹೇರಿಲ್ಲ. ದ್ವೀಪದಲ್ಲೊಂದು ಮಣ್ಣುಗೋಡೆಯ ಮನೆ, ಹೊರಗೆ ಚಂಡಮಾರುತ, ಮಳೆಯಲ್ಲಿ ನೆನೆದು ಮೆತ್ತಗಾಗುತ್ತಿರುವ ಗೋಡೆ, ಅದರಾಚೆ ಹಸಿದ ಪ್ರಾಣಿಗಳ ಸದ್ದು. ಹಳೆಯ ಚಾಳಿನ ಮೋರಿಯ ಕಡೆಯಿಂದ ನಡುರಾತ್ರಿ ಸುಂಡಿಲಿಯ ಚೀರಾಟ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಗೆಯ ಗದ್ದಲದಲ್ಲಿ ಕೇಳಿಸದೇ ಹೋಗುವುದು ಕಥೆ. ಡಾ. ಕ್ರೇಗಿಸ್ ಎಂಬ ವಿಜ್ಞಾನಿಗೆ ಜನಸಂಖ್ಯೆಯ ಚಿಂತೆ. ಅನ್ನ ಎಲ್ಲರಿಗೂ ಸಾಲದು. ಆದ್ದರಿಂದ ಮನುಷ್ಯರನ್ನೇ ಅರ್ಧ ಗಾತ್ರಕ್ಕೆ ಕುಗ್ಗಿಸಿದರಾಯಿತು! ಇರುವ ಅನ್ನವನ್ನು ಹಂಚುವುದು ಹೇಗೆಂಬ ಪ್ರಶ್ನೆ ಆತನಿಗೆ ಹೊಳೆಯುವುದೇ ಇಲ್ಲ. (ಹತ್ತಡಿಗೆ ಹತ್ತಡಿಯ ಕೋಣೆಯಲ್ಲಿ ಆರು ಜನ ಮಲಗಿದ ನಗರದವರಿಗೆ ಈ ಯೋಜನೆ ಅಪರಿಚಿತವಲ್ಲ.) ಪ್ರಯೋಗ ತಿರುವುಮುರುವಾಗಿ ಸುಂಡಿಲಿಗಳು ಹಿಗ್ಗುತ್ತವೆ. ಸುಂಡಿಲಿಯ ಆಯ್ಕೆಯಲ್ಲಿ ತಿಳಿವಳಿಕೆಯಿದೆ: ಇದು ಸದಾ ತಿನ್ನುತ್ತಲೇ ಇರಬೇಕಾದ ಜೀವಿ, ಇದರ ಪುಟ್ಟ ಜಾತಿಗಳು ಕೆಲವೇ ಗಂಟೆ ಉಪವಾಸ ಬಿದ್ದರೆ ಸಾಯುತ್ತವೆ. ಚಿತ್ರದ ಪ್ರಾಣಿಗಳಲ್ಲಿ ದ್ವೇಷವಿಲ್ಲ, ಹಸಿವಿದೆ. ಅವುಗಳ ಜೊಲ್ಲಿನಲ್ಲಿರುವ ವಿಷವೂ ಅವುಗಳದಲ್ಲ, ಅವುಗಳನ್ನು ಕೊಲ್ಲಲೆಂದು ಮನುಷ್ಯರೇ ಇಟ್ಟದ್ದು. ಕಚ್ಚಿಸಿಕೊಂಡ ಒಬ್ಬ ಸಹವಿಜ್ಞಾನಿ ತನ್ನ ಸಾವಿನ ಲಕ್ಷಣಗಳನ್ನು ಕೊನೆಯುಸಿರಿನವರೆಗೂ ಟೈಪ್ ಮಾಡುತ್ತ ಕೂರುತ್ತಾನೆ. ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ಒಂದೊಂದು ರೋಮವನ್ನೂ ಬಿಡಿಸುವ ಇಂದಿನ ಮೃಗಚಿತ್ರಗಳಲ್ಲಿ ಇಂಥ ಒಂದು ದೃಶ್ಯವನ್ನು ತೋರಿಸಿರೆಂದು ನಗುವವರಲ್ಲಿ ಕೇಳುತ್ತೇವೆ.

ಚಿತ್ರ ದೋಷರಹಿತವೆಂದು ನಾವು ವಾದಿಸುತ್ತಿಲ್ಲ. ನಾಯಕಿಗಾಗಿ ಇಬ್ಬರು ಗಂಡಸರ ಜಟಾಪಟಿ ಬರೀ ಬೇಸರ. ಆದರೆ ಯಾರು ಮೊದಲು ಸಾಯುತ್ತಾರೆಂಬುದನ್ನು ಗಮನಿಸಬೇಕು. ಸಾಮಾನು ತಲುಪಿಸಲು ಬಂದ ದೋಣಿಯ ಕಪ್ಪು ನಾವಿಕ ರೂಕ್; ಆಮೇಲೆ ಮನೆಯಾಳು ಮಾರಿಯೊ. ಪ್ರಯೋಗದ ಲಾಭದಲ್ಲಿ ಪಾಲಿಲ್ಲದವರು ಇವರು. ಚಿತ್ರ ತಯಾರಿಸಿದವರು ಇದನ್ನು ಅರಿತು ಮಾಡಿದರೆಂದು ನಮಗನ್ನಿಸದು. ಆ ಕಾಲದ ಹಾಲಿವುಡ್‌ನ ರೂಢಿಯೇ ಅದು. ಅರಿಯದೆ ನಿಜ ನುಡಿದವನ ಮಾತೂ ನಿಜವೇ.

ಕೊನೆಗೆ ಉಳಿದವರು ದೊಡ್ಡ ಡ್ರಮ್ಮುಗಳನ್ನು ಒಂದಕ್ಕೊಂದು ಜೋಡಿಸಿ, ಅವುಗಳೊಳಗೆ ಕುಕ್ಕರುಗಾಲಿನಲ್ಲಿ ನಡೆಯುತ್ತ ಸಮುದ್ರ ಸೇರುತ್ತಾರೆ. ದೋಣಿಯಲ್ಲಿ ಮೈ ಒರೆಸಿಕೊಳ್ಳುವ ಮೊದಲೇ ಕ್ರೇಗಿಸ್, ದ್ವೀಪದಲ್ಲಿ ಕಟ್ಟಕಡೆಗೆ ಉಳಿಯುವ ಸುಂಡಿಲಿಯೂ ಹಸಿವಿನಿಂದ ಸಾಯುವುದೆಂದೂ, ಜನಸಂಖ್ಯೆಯ ಸಮಸ್ಯೆಗೆ ಇದೊಂದು ಒಳ್ಳೆಯ ನಿದರ್ಶನವೆಂದೂ ವಿವರಿಸುತ್ತಾನೆ. ನಾಯಕ ಒಂದು ಚಟಾಕಿ ಹಾರಿಸಿ ನಾಯಕಿಯನ್ನು ಚುಂಬಿಸುತ್ತಾನೆ. ರೂಕ್‌ನ ಹೆಸರನ್ನು ಯಾರೂ ಎತ್ತುವುದಿಲ್ಲ.