ಕೂಸಿನ ಗಂಟಿನಲ್ಲಿ ಏನಿರಬೇಕು?

2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಗೊಂಡ ಮೇಲೆ ರಾಮನಗರ, ಚನ್ನಪಟ್ಟಣ ಸೀಮೆಯ ಬೆಟ್ಟಗಳು ರಾಜಧಾನಿಗೆ ಮತ್ತಷ್ಟು ಸಮೀಪವಾಗಿವೆ. ವಾರದ ಕೊನೆಯಲ್ಲಿ ಡೇರೆ ಹೊತ್ತ ಕಾರುಗಳು ವಿರೂಪಾಕ್ಷಿಪುರದಂತಹ ಊರುಗಳ ಕಿರುದಾರಿಗಳಿಗೂ ಹೊರಳುತ್ತವೆ. ಅವುಗಳಲ್ಲಿ ಎಳೆಗೂಸುಗಳೂ ಇರುತ್ತವೆ. ಇತ್ತ ಶಿವರಾತ್ರಿ ಸಮೀಪಿಸಿದರೆ ಇದೇ ಸೀಮೆಯ ಭಕ್ತರು ಕನಕಪುರ ತಾಲ್ಲೂಕಿನ ಸಂಗಮದ ಬಳಿ ಕಾವೇರಿಯನ್ನು ದಾಟಿ, ಕಾಡಿನಂಚಿನಲ್ಲಿ ತಂಗುತ್ತ, ಮಾದಪ್ಪನ ಬೆಟ್ಟಕ್ಕೆ ನಡೆಯುತ್ತಾರೆ. ಒಬ್ಬರದು ವಿಹಾರ, ಇನ್ನೊಬ್ಬರದು ಹರಕೆ. ಕಂಕುಳಲ್ಲಿ ಕೂಸಿದ್ದರೆ ಇಬ್ಬರ ಮುಂದಿರುವ ಪ್ರಶ್ನೆಯೂ ಒಂದೇ: ಗಂಟಿನಲ್ಲಿ ಏನಿರಬೇಕು?

ಮಾರುಕಟ್ಟೆಯ ಉತ್ತರ ಬಲು ಉದ್ದ. ಮಡಚುವ ತೊಟ್ಟಿಲು, ಬಾಟಲಿ ಬಿಸಿ ಮಾಡುವ ಯಂತ್ರ, ಒಮ್ಮೆ ಬಳಸಿ ಎಸೆಯುವ ಹತ್ತಾರು ವಸ್ತುಗಳು. ಆದರೆ ಕೂಸಿನ ಅಗತ್ಯವನ್ನು ಹೇಳಬೇಕಾದುದು ಅಂಗಡಿಯಲ್ಲ, ಕೂಸಿನ ದೇಹ. ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಅದು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ, ಮೈನೀರನ್ನೂ ಬೇಗ ಕಳೆದುಕೊಳ್ಳುತ್ತದೆ. ಹಗಲು ಸುಡುವ, ಇರುಳು ಕೊರೆಯುವ ಮಾಘ–ಫಾಲ್ಗುಣದ ಬಂಡೆಬೆಟ್ಟಗಳಲ್ಲಿ ಈ ಒಂದು ಸತ್ಯವನ್ನು ಮರೆಯದಿದ್ದರೆ ಗಂಟು ತಾನಾಗಿಯೇ ಚಿಕ್ಕದಾಗುತ್ತದೆ.

ಮೊದಲು ರಸ್ತೆಯ ಮಾತು. ಕಾರಿನಲ್ಲಿ ಹೋಗುವವರಿಗೆ ಅನಿವಾರ್ಯವಾದ ವಸ್ತು ಒಂದೇ: ಹಿಂದಿನ ಸಾಲಿನಲ್ಲಿ ಬಿಗಿದ, ಹಿಮ್ಮುಖವಾಗಿರುವ ಕೂಸಿನ ಆಸನ. ಕೂಸಿನ ತಲೆ ಭಾರ, ಕತ್ತು ಎಳಸು. ಢಿಕ್ಕಿಯಾದಾಗ ತಾಯಿಯ ತೋಳು ಅದನ್ನು ಹಿಡಿದು ನಿಲ್ಲಿಸಲಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೀಟುಪಟ್ಟಿ ಅಥವಾ ಮಕ್ಕಳ ಆಸನವನ್ನು ಕಡ್ಡಾಯಗೊಳಿಸಿತು. ನಿಲ್ಲಿಸಿದ ಕಾರಿನೊಳಗಿನ ಬಿಸಿ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರಬಲ್ಲದು. ಐದು ನಿಮಿಷದ ಕೆಲಸಕ್ಕೂ ಕೂಸನ್ನು ಒಳಗೆ ಬಿಟ್ಟು ಹೋಗಲಾಗದು. ಇನ್ನು ಬೈಕಿನವರು: ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನೊಡನೆ ಬಿಗಿಯುವ ಪಟ್ಟಿ ಬೇಕು, ಒಂಬತ್ತು ತಿಂಗಳು ತುಂಬಿದ್ದರೆ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬುದು 2022ರ ನಿಯಮ. ಅದಕ್ಕೂ ಚಿಕ್ಕ ಕೂಸಿಗೆ ಬಸ್ಸೇ ಲೇಸು.

ಎರಡನೆಯದು ಆಹಾರ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ಬಿರುಬೇಸಿಗೆಯಲ್ಲಿಯೂ ಬೇರೆ ನೀರು ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗೆಂದರೆ ತಾಯಿಗೆ ಸಾಕಷ್ಟು ನೀರು, ಊಟ, ಮರೆಯ ನೆರಳು ಇವೇ ಕೂಸಿನ ಬುತ್ತಿ. ಆರು ತಿಂಗಳು ದಾಟಿದ ಮಗುವಿಗೆ ಕುದಿಸಿ ಆರಿಸಿದ ನೀರು, ರಾಗಿಸರಿಯ ಹಿಟ್ಟು ಇರಲಿ. ಜೀವಜಲದ ಪೊಟ್ಟಣ ಎರಡಾದರೂ ಜೊತೆಗಿರಲಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು, 24 ಗಂಟೆಯ ನಂತರ ಚೆಲ್ಲಬೇಕು. ಭೇದಿಯಾದಾಗ ಎದೆಹಾಲು ನಿಲ್ಲಿಸದೆ ಆಸ್ಪತ್ರೆಯ ದಾರಿ ಹಿಡಿಯಬೇಕು. ಇಲ್ಲಿ ಹಳ್ಳಿಯವರಾದ ನಾವೂ ತಿದ್ದಿಕೊಳ್ಳಬೇಕಾದ ರೂಢಿಗಳಿವೆ. ಕಾಡಿನ ಜೇನೆಂದು ವರ್ಷ ತುಂಬದ ಕೂಸಿನ ನಾಲಗೆಗೆ ಸವರಬಾರದು. ಜೇನಿನಲ್ಲಿರಬಹುದಾದ ಬೊಟುಲಿನಂ ಬೀಜಾಣು ಅದರ ಕರುಳಲ್ಲಿ ಬೆಳೆದು ವಿಷವಾಗುತ್ತದೆ. ಬೆಳೆಗೆ ಸಿಂಪಡಿಸಿದ ಔಷಧದ ಖಾಲಿ ಕ್ಯಾನು ಎಷ್ಟು ತೊಳೆದರೂ ಕುಡಿಯುವ ನೀರಿಗಾಗದು.

ಮೂರನೆಯದು ಇರುಳು. ಈ ಸೀಮೆ ಮಾವಿನ ಸೀಮೆ. ಹೂ ಬಿಡುವ ಕಾಲದಲ್ಲಿ ಜಿಗಿಹುಳುವಿಗೆಂದು ತೋಪುಗಳಲ್ಲಿ ಕೀಟನಾಶಕ ಸಿಂಪಡಿಸುತ್ತಾರೆ. ನೆರಳು ಚೆಂದವೆಂದು ಅದರಡಿ ಕೂಸನ್ನು ಮಲಗಿಸುವ ಮುನ್ನ ತೋಪಿನ ರೈತರನ್ನು ಕೇಳಬೇಕು. ಹಾಸಲು ಕುರಿಗಾಹಿಗಳ ಕಂಬಳಿಗೆ ಸಾಟಿಯಿಲ್ಲ. ತೇವ ತಗುಲಿದರೂ ಉಣ್ಣೆ ಬೆಚ್ಚಗಿಡುತ್ತದೆ. ಆದರೆ ಕೂಸು ಅಂಗಾತ ಮಲಗಿರಬೇಕು, ಹೊದಿಕೆ ಮುಖಕ್ಕೆ ಬೀಳಬಾರದು. ಎಳೆಚರ್ಮಕ್ಕೆ ಸೊಳ್ಳೆಯ ಮುಲಾಮಿಗಿಂತ ಸೊಳ್ಳೆಪರದೆ ಮೇಲು. ಚಳಿಯೆಂದು ಡೇರೆಯೊಳಗೆ ಕೆಂಡದ ಒಲೆ ಇಟ್ಟರೆ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಇಂಗಾಲದ ಮಾನಾಕ್ಸೈಡ್ ಮನೆಮಂದಿಯನ್ನೇ ಕೊಲ್ಲಬಲ್ಲದು. ತೆಂಗಿನಕಲ್ಲು ಅರಣ್ಯದ ಅಂಚು ಆನೆಗಳ ಹಾದಿ. ಅಲ್ಲಿ ಡೇರೆಯೇ ಸಲ್ಲದು. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದೂ ಬೆಂಕಿ ಹಾಕುವುದೂ ಅಪರಾಧ.

ಆಟಿಕೆಯೊಂದು ಬೇಕಾದರೆ ಚನ್ನಪಟ್ಟಣದ ಗಿಲಕಿ ಸಾಕು. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಈ ಕಸುಬಿಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಕೂಸು ಬಾಯಿಗಿಡುವ ವಸ್ತುವಾದ್ದರಿಂದ, ಸಸ್ಯಜನ್ಯ ಬಣ್ಣದ್ದೇ ಎಂದು ವಿಚಾರಿಸಿ ಕೊಳ್ಳುವುದು ಒಳಿತು.

ಕೊನೆಯದು, ಬೆಟ್ಟದ ದೃಷ್ಟಿಯಿಂದ ಬಹು ದೊಡ್ಡದು: ಡಯಾಪರ್. ಅದರ ಹೊರಪದರ ಪ್ಲಾಸ್ಟಿಕ್. ಒಳಗೆ ನೀರು ಹೀರಿ ಉಬ್ಬುವ ಕೃತಕ ಹರಳು. ಹಳ್ಳದ ಬದಿಯಲ್ಲಿ ಎಸೆದದ್ದು ಮಳೆಯೊಂದಿಗೆ ಕೆರೆಗೆ ಇಳಿಯುತ್ತದೆ. ಅದರ ಮಲದ ರೋಗಾಣು ಕೆಳಗಿನ ಊರಿನ ಇನ್ನೊಂದು ಕೂಸಿನ ಹೊಟ್ಟೆ ಸೇರಬಹುದು, ಪ್ಲಾಸ್ಟಿಕ್ಕು ದನದ ಹೊಟ್ಟೆ ಸೇರಬಹುದು. ಇಂತಹ ಕಸವನ್ನು ಸುತ್ತಿ ಕೊಡಲು ಚೀಲ ಒದಗಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ತಯಾರಕರಿಗೆ ಹೇಳಿದವು. ಬೆಟ್ಟದ ಮೇಲೆ ಆ ಚೀಲವನ್ನು ಯಾರ ಕೈಗೆ ಕೊಡುವುದು? ಹಳೆಯ ಹತ್ತಿಸೀರೆಯ ಹನ್ನೆರಡು ತುಂಡು, ಒದ್ದೆ ಬಟ್ಟೆ ಹಾಕಲು ಮುಚ್ಚುವ ಡಬ್ಬ, ಇಷ್ಟರಲ್ಲಿ ಎರಡು ದಿನ ಸಾಗುತ್ತದೆ. ಒಗೆಯುವುದು ಹಳ್ಳದಲ್ಲಲ್ಲ, ಮನೆಯಲ್ಲಿ. ಡಯಾಪರೇ ಬೇಕೆನ್ನುವವರು ಹೊತ್ತು ತಂದದ್ದನ್ನು ಹೊತ್ತೇ ಒಯ್ಯಬೇಕು.

ಇಷ್ಟನ್ನೂ ತಾಯಂದಿರ ಹೆಗಲಿಗೇ ಹೊರಿಸಿ ಸುಮ್ಮನಾಗುವುದು ನ್ಯಾಯವಲ್ಲ. ಹಾಲೂಡಿಸಲು ಮರೆ, ಕುದಿಸಿದ ನೀರು, ಶೌಚಾಲಯ, ಜೀವಜಲದ ಪೊಟ್ಟಣ ಇವುಗಳನ್ನು ಯಾವ ಗಂಟಿನಲ್ಲಿಯೂ ಪೂರ್ತಿ ಹೊರಲಾಗದು. ಅವು ದಾರಿಯಲ್ಲಿ ಸಿಗಬೇಕು. ಪಾದಯಾತ್ರೆಯ ಹಾದಿಯಲ್ಲಿರುವ ಗ್ರಾಮ ಪಂಚಾಯಿತಿಗಳು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರೊಡಗೂಡಿ ಶಿವರಾತ್ರಿಯ ವಾರದಲ್ಲಾದರೂ ಇಂತಹ ತಂಗುದಾಣಗಳನ್ನು ತೆರೆಯಲಿ. ಬೆಟ್ಟದ ಬುಡದಲ್ಲಿ ನಿಂತು, ಮೇಲೇರುವ ಪ್ರತಿ ಕುಟುಂಬಕ್ಕೂ ಕಸ ಮರಳಿ ತರುವ ಚೀಲ ಕೊಡುವ ಕೆಲಸವನ್ನು ಕಾಲೇಜಿನ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಓದುಗರೇ ಎದ್ದುನಿಂತು ಮಂಡಿಸಬೇಕು.