ಹೊರಡುವವಳ ಸಾಮಾನು

ಗಂಡನ ಮನೆಯಲ್ಲಿ ಇನ್ನು ಬಾಳಲಾಗದು ಎಂದು ಹೆಣ್ಣುಮಗಳೊಬ್ಬಳು ತೀರ್ಮಾನಿಸಿದಾಗ ಊರ ಹಿರಿಯರು ಆಡುವ ಮೊದಲ ಮಾತು: "ಸಾಮಾನಿನ ಗೊಡವೆ ಬಿಡು ತಂಗಿ, ಜೀವ ಉಳಿದರೆ ಸಾಕು." ಮಾತಿನಲ್ಲಿ ಕರುಣೆಯಿದೆ, ನಿಜ. ಆದರೆ ಅದರ ಲಾಭ ಯಾರಿಗೆ?

ಶಿರಸಿ ತಾಲೂಕಿನ ದಾಸನಕೊಪ್ಪದ ಕಡೆ ಇಂಥದೊಂದು ಪಂಚಾಯ್ತಿಗೆ ನಾನೂ ಹೋಗಿದ್ದೆ. ಜಗಲಿಯ ಮೇಲೆ ಗಂಡಸರು, ಬಾಗಿಲ ಹಿಂದೆ ಹೆಂಗಸರು. ತವರಿನಿಂದ ಬಂದಿದ್ದ ತಾಮ್ರದ ಹಂಡೆ, ಸ್ಟೀಲು ಪಾತ್ರೆಗಳು ತಕರಾರಿಲ್ಲದೆ ಹೊರಬಂದವು. ಅವುಗಳ ಮೇಲೆ ಆಕೆಯ ಅಪ್ಪನ ಹೆಸರು ಕೊರೆಸಿತ್ತು. ಬಂಗಾರದ ಮೇಲೆ ಯಾರ ಹೆಸರೂ ಇರಲಿಲ್ಲ. ಅದು ತೋಟದ ಖರ್ಚಿಗೆಂದು ಎಂದೋ ಅಡವಿಗೆ ಹೋಗಿತ್ತು. ಸಾಲದ ಚೀಟಿ ಗಂಡನ ಹೆಸರಿನಲ್ಲಿತ್ತು. ಹೊಲಿಗೆ ಯಂತ್ರವನ್ನಂತೂ "ಅದು ಮನೆಗೆ ಕೊಟ್ಟದ್ದು" ಎಂದು ಅತ್ತೆ ಬಿಡಲೇ ಇಲ್ಲ. ಆಗ ಆಕೆ, "ಹಂಡೆ ನೀವೇ ಇಟ್ಟುಕೊಳ್ಳಿ, ಯಂತ್ರ ಕೊಡಿ. ಹಂಡೆ ನನಗೆ ಅನ್ನ ಹಾಕೋದಿಲ್ಲ" ಎಂದಳು. ಆ ಸಭೆಯಲ್ಲಿ ಲೆಕ್ಕ ಬಲ್ಲವಳು ಅವಳೊಬ್ಬಳೇ.

ಆದರೆ ಎರಡೂ ಅವಳವೇ ಆಗಿದ್ದವು. ಅವಳ ವಸ್ತುವನ್ನು ಅವಳೇ ಬೆಲೆ ತೆತ್ತು ಬಿಡಿಸಿಕೊಳ್ಳಬೇಕಾಯಿತು, ಅದನ್ನು ಪಂಚರು ರಾಜಿ ಎಂದು ಕರೆದರು.

ವಸ್ತುಗಳನ್ನು ಕೇಳಿದರೆ ವರದಕ್ಷಿಣೆಯನ್ನು ಒಪ್ಪಿಕೊಂಡಂತಾಗುತ್ತದೆ ಎಂದು ನಮ್ಮ ಚಳವಳಿಯ ಕೆಲವು ಗೆಳತಿಯರು ವಾದಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯೇ ತನ್ನ 6ನೆಯ ಕಲಮಿನಲ್ಲಿ, ವರದಕ್ಷಿಣೆ ಯಾರ ಕೈ ಸೇರಿದ್ದರೂ ಅದನ್ನು ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕೆಂದು ಹೇಳುತ್ತದೆ. ಇನ್ನು ಸ್ತ್ರೀಧನ ಪೂರ್ತಿಯಾಗಿ ಹೆಂಡತಿಯದೇ, ಮರಳಿಸದಿದ್ದರೆ ಅದು ನಂಬಿಕೆದ್ರೋಹದ ಅಪರಾಧ ಎಂದು ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ ತೀರ್ಪಿತ್ತಿತು. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿಕೊಂಡರೂ ಹಿಂದಿರುಗಿಸುವ ಹೊಣೆ ಅವನದೇ ಎಂದು 2024ರಲ್ಲಿ ಅದೇ ನ್ಯಾಯಾಲಯ ಮತ್ತೆ ಹೇಳಿತು. ತೋಟಕ್ಕೆ ಹೋದ ಬಂಗಾರಕ್ಕೂ ಈ ಮಾತು ಸಲ್ಲುತ್ತದೆ.

2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸ್ತ್ರೀಧನ ಮರಳಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅರ್ಜಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಹೊಣೆ ನಮ್ಮ ತಾಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಮೇಲಿದೆ. (ಅದೇ ಕಾಯ್ದೆ ಅವಳಿಗೆ ಆ ಮನೆಯಲ್ಲೇ ಉಳಿಯುವ ಹಕ್ಕನ್ನೂ ಕೊಟ್ಟಿದೆ. ಹೊರಡಬೇಕಾದವಳು ಯಾವಾಗಲೂ ಅವಳೇ ಏಕೆ ಎಂದು ಪಂಚರು ಒಮ್ಮೆಯೂ ಕೇಳಲಿಲ್ಲ.)

ಹೊಡೆತ ತಿಂದು ರಾತ್ರಿ ಓಡಬೇಕಾದವಳಿಗೆ ಆರಿಸಿಕೊಳ್ಳಲು ಸಮಯವೆಲ್ಲಿ? ಆಕೆ ಮಕ್ಕಳನ್ನು ಎತ್ತಿಕೊಂಡು ಓಡಲಿ, ಉಳಿದದ್ದು ಆಮೇಲೆ. ಆದರೆ ಒಂದು ದಿನದ ಬಿಡುವಾದರೂ ಇದ್ದವಳು ಬಂಗಾರಕ್ಕಿಂತ ಮೊದಲು ಕಾಗದಗಳನ್ನು ತೆಗೆದುಕೊಳ್ಳಬೇಕು: ಮಕ್ಕಳ ಜನನ ಪತ್ರ, ತನ್ನ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ಕು, ಗಾಯಕ್ಕೆ ಮದ್ದು ಹಾಕಿಸಿದ ಆಸ್ಪತ್ರೆ ಚೀಟಿ, ಒಡವೆ ತೊಟ್ಟ ಮದುವೆಯ ಫೋಟೋ. ಆಮೇಲೆ ದುಡಿಮೆಯ ಸಲಕರಣೆ. ಕಪಾಟು, ಮಂಚ, ಹಂಡೆಗಳನ್ನು ಕೋರ್ಟಿನ ಆದೇಶ ಹಿಡಿದು ತರಬಹುದು.

ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಬರೆದು ವಧೂವರರ ಸಹಿ ಹಾಕಿಸಬೇಕೆಂಬ ನಿಯಮ 1985ರಿಂದಲೇ ಇದೆ. ಮುಯ್ಯಿ ಬರೆಯಲು ಮಂಟಪದ ಬಾಗಿಲಲ್ಲಿ ಒಬ್ಬರನ್ನು ಕೂರಿಸುತ್ತೇವೆ, ಹತ್ತು ರೂಪಾಯಿಯನ್ನೂ ಬಿಡದೆ ಬರೆಸುತ್ತೇವೆ. ಆದರೆ ಮಗಳ ಬಂಗಾರದ ಪಟ್ಟಿ ಮಾಡೋಣವೆಂದರೆ ಅಪಶಕುನವೆನ್ನುತ್ತೇವೆ. ಹಂಡೆಯ ಮೇಲೆ ಅಪ್ಪನ ಹೆಸರು ಕೊರೆಸಿದಾಗ ಆಗದ ಅಪಶಕುನ ಕಾಗದದ ಮೇಲೆ ಮಗಳ ಹೆಸರು ಬರೆದಾಗ ಆಗುತ್ತದೆಯೆ?