ಬೆಟರ್‌ಮೆಂಟ್ ಎಂಬ ಪದ

ಬೆಟರ್‌ಮೆಂಟ್ ಎಂದರೆ ನಿಘಂಟಿನಲ್ಲಿ ಸುಧಾರಣೆ. ಕಾನೂನಿನಲ್ಲಿ, ನೀರಾವರಿಯಿಂದ ಜಮೀನಿಗೆ ಏರಿತೆನ್ನಲಾದ ಬೆಲೆ. ನರಗುಂದದ ರೈತನಿಗೆ ಅದು ಬರಿಯ ಕರ. ಮಲಪ್ರಭಾ ಅಚ್ಚುಕಟ್ಟಿನ ಹಲವು ಹೊಲಗಳಿಗೆ ನೀರು ತಲುಪದಿದ್ದರೂ ಕರ ತಲುಪಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಅದರ ವಿರುದ್ಧ ಎದ್ದ ರೈತರ ಮೇಲೆ ಪೊಲೀಸರ ಗುಂಡು ಹಾರಿತು, ಜೀವಗಳು ಹೋದವು. ನೀರು ಬಂದೆಡೆಯೂ ಬಸಿಗಾಲುವೆಯಿಲ್ಲದ ಎರೆಭೂಮಿ ಜವುಳಾಯಿತು, ಸವುಳಾಯಿತು. ಈ ಹಾನಿಯನ್ನು ಆ ಪದ ಲೆಕ್ಕಕ್ಕೆ ಹಿಡಿಯಲಿಲ್ಲ.

ರೋಣದ ಬಯಲಿಗಾಗಲಿ, ಗಾಳಿಯಂತ್ರಗಳು ನಿಂತ ಗಜೇಂದ್ರಗಡದ ಗುಡ್ಡಕ್ಕಾಗಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಾಡಿಗಾಗಲಿ, ‘ಅಭಿವೃದ್ಧಿ’ಯ ಹೆಸರಿನಲ್ಲಿ ಯೋಜನೆ ಬಂದಾಗ ಗ್ರಾಮಸಭೆ ಮೊದಲು ಕೇಳಬೇಕಾದದ್ದು ಇಷ್ಟೇ: ಒಳಿತು ಯಾರಿಗೆ? ಅದನ್ನು ಅಳೆದವರು ಯಾರು? ಬೆಲೆ ತೆರುವವರು ಯಾರು?